ಹೊರಗೆ ಕೂರಿಸಿದ ಸೋಮವಾರಗಳು

ಮದ್ದೂರಿನಿಂದ ವೈದ್ಯನಾಥಪುರಕ್ಕೆ ಹೋಗುವ ದಾರಿಯ ಮಗ್ಗುಲಿಗೆ, ಶಿಂಷೆಯ ದಡದಲ್ಲಿ, ಒಂದು ಚಿಕ್ಕ ಈಶ್ವರನ ಗುಡಿಯಿತ್ತು. ನಾಲೆಯ ನೀರು ಮಂಡ್ಯದ ಸೀಮೆಗೆ ಹೊಸದಾಗಿ ಹರಿದುಬಂದ ವರ್ಷಗಳವು. ಕಂಡಕಂಡವರೆಲ್ಲ ಕಬ್ಬಿನ ಮಾತು, ತೂಬಿನ ಮಾತು ಆಡುತ್ತಿದ್ದ ಆ ಕಾಲದಲ್ಲಿ ನಾವು ಕೆಲವರು ಪ್ರತಿ ಸೋಮವಾರ ಸಂಜೆ ಆ ಗುಡಿಯ ನವರಂಗದಲ್ಲಿ ಕುಳಿತು, ನಮ್ಮ ನಮ್ಮ ದುರ್ಗುಣಗಳ ಮಾತನ್ನು ಆಡಿಕೊಳ್ಳುತ್ತಿದ್ದೆವು.

ಆ ಕೂಟವನ್ನು ಆರಂಭಿಸಿದವರು ಗುಡಿಯ ಅರ್ಚಕರು. ನನಗಿಂತ ಹತ್ತು ವರ್ಷ ಹಿರಿಯರು, ನಶ್ಯಕ್ಕೆ ದಾಸರು. ಒಂದು ದಿನ ಮಂತ್ರ ಹೇಳುತ್ತಿರುವಾಗ ಸೀನು ಬಂದು ಕೈಯಲ್ಲಿದ್ದ ಆರತಿಯೇ ಆರಿಹೋಯಿತಂತೆ. ಅಂದು ಅವರು ನನ್ನೊಡನೆ, "ಶಾಸ್ತ್ರಿಗಳೇ, ಒಬ್ಬನೇ ಸಂಕಲ್ಪ ಮಾಡಿದರೆ ಒಬ್ಬನೇ ಮುರಿಯುತ್ತೇನೆ, ಕೇಳುವವರಿಲ್ಲ. ವಾರಕ್ಕೊಮ್ಮೆ ನಿಮಗೆ ಮುಖ ತೋರಿಸಿ ಹೇಳಬೇಕೆಂದಾದರೆ ಕೈ ಕೊಂಚ ಹಿಂಜರಿದೀತು" ಎಂದರು. ಮಂಡಿಯೊಂದರಲ್ಲಿ ಗುಮಾಸ್ತರಾಗಿದ್ದ ನಮ್ಮ ಸ್ನೇಹಿತರೊಬ್ಬರು ಮೂರನೆಯವರಾಗಿ ಸೇರಿಕೊಂಡರು. ಹೋಟೆಲಿನ ಕಾಫಿಗೆ ಸಿಕ್ಕಿ ಸಂಧ್ಯಾವಂದನೆಯನ್ನೇ ಬಿಟ್ಟಿದ್ದವರು ಅವರು. ನಾನು ಆಗ ಅಲ್ಲಿನ ಶಾಲೆಯೊಂದರಲ್ಲಿ ಸಂಸ್ಕೃತ ಪಂಡಿತ. ನನ್ನ ದುರ್ಗುಣ ಅಂಗಡಿಯಲ್ಲಿ ದೊರೆಯುವಂಥದಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ, ಮಡಿ ಒಗೆಯುವುದು ತಡವಾದರೆ, ಹೆಂಡತಿಯನ್ನು ಅವಳ ತವರು ಹಿಡಿದು ಬಯ್ಯುವುದು ನನಗೆ ಅಭ್ಯಾಸವಾಗಿತ್ತು. ಮನೆಯಲ್ಲಿ ಕಟುವಾದ ಮಾತನ್ನಾಡುವುದಿಲ್ಲವೆಂದು ನಾನು ಸಂಕಲ್ಪ ಮಾಡಿದೆ.

ವಾರದ ಏಳು ದಿನಗಳಲ್ಲಿ ಸಂಕಲ್ಪ ಉಳಿದ ಒಂದೊಂದು ದಿನಕ್ಕೆ ಒಂದೊಂದು ಬಿಲ್ವಪತ್ರೆ ತರುವುದು ನಮ್ಮ ಪದ್ಧತಿಯಾಗಿತ್ತು. ಸೋಮವಾರ ಬಿಲ್ವವನ್ನು ಕೀಳಬಾರದಾದ್ದರಿಂದ ಭಾನುವಾರ ಸಂಜೆಯೇ ಕಿತ್ತಿಟ್ಟುಕೊಳ್ಳುತ್ತಿದ್ದೆವು. ಗುಡಿಗೆ ಬಂದು, ಎಷ್ಟು ಪತ್ರೆ ತಂದಿದ್ದೇವೆಂದು ಹೇಳಿ, ತಪ್ಪಿದ ದಿನದ ಕಥೆಯನ್ನು ಹೇಳುವುದು. ಯಾವ ಹೊತ್ತಿನಲ್ಲಿ, ಯಾವ ಜಾಗದಲ್ಲಿ, ಏನಾಯಿತೆಂದು ಉಳಿದವರು ಸಮಾಧಾನದಿಂದ ಕೇಳುವುದು. ಆಮೇಲೆ ಅರ್ಚಕರು ಎಲ್ಲರ ಪತ್ರೆಗಳನ್ನೂ ಒಂದೇ ಹರಿವಾಣದಲ್ಲಿ ಕಲೆಸಿ ಈಶ್ವರನಿಗೆ ಏರಿಸುತ್ತಿದ್ದರು. ಯಾವ ಪತ್ರೆ ಯಾರದೆಂದು ಆಗ ನಮಗೂ ತಿಳಿಯುತ್ತಿರಲಿಲ್ಲ.

ನಾಲ್ಕನೆಯವನು ಗೌಡ. ಮದ್ದೂರಿನ ನಿಲ್ದಾಣದಿಂದ ಮಳವಳ್ಳಿ, ಹಲಗೂರುಗಳಿಗೆ ಮೂಟೆ ಸಾಗಿಸುವ ಎತ್ತಿನ ಗಾಡಿ ಅವನದು. ಒಂದು ಸೋಮವಾರ ಗುಮಾಸ್ತರನ್ನು ಗುಡಿಯ ಬಳಿ ಇಳಿಸಿ, ಜಗಲಿಯ ಮೇಲೆ ಕುಳಿತವನು ನಮ್ಮ ಮಾತನ್ನೆಲ್ಲ ಕೇಳಿಸಿಕೊಂಡಿದ್ದ. ನಾವು ಏಳುವ ಹೊತ್ತಿಗೆ ಬಾಗಿಲಲ್ಲಿ ನಿಂತು, "ಐನೋರೆ, ಎಂಡ ಬುಡೋರ್ಗೂ ಇದ್ರಾಗೆ ಜಾಗ ಐತಾ?" ಎಂದ.

ಗುಮಾಸ್ತರು ನಕ್ಕು, "ನೀನು ಬಿಡೋದುಂಟೇ ಗೌಡ? ನಿನ್ನ ಎತ್ತುಗಳು ಹೆಂಡದಂಗಡಿ ಕಂಡರೆ ತಾವಾಗಿಯೇ ನಿಂತುಬಿಡುತ್ತವೆ" ಎಂದರು.

"ಅದುಕ್ಕೇ ಕಣ್ರೀ ಕೇಳಿದ್ದು. ಎತ್ಗೇ ನಾಚ್ಕೆ ಆಗ್ಬುಟ್ಟದೆ" ಎಂದು ಅವನೂ ನಕ್ಕ. ಆದರೆ ನಗು ನಿಂತ ಮೇಲೆ ಅವನು ಹೇಳಿದ ಮಾತು ನಗುವಂಥದಾಗಿರಲಿಲ್ಲ. ಅವನ ಹೆಂಡತಿ ಎರಡು ಮಕ್ಕಳನ್ನು ಕಟ್ಟಿಕೊಂಡು ಮಳವಳ್ಳಿಯ ಕಡೆಯ ತವರಿಗೆ ಹೋಗಿ ಎಂಟು ತಿಂಗಳಾಗಿತ್ತು. ಕಳಿಸೆಂದು ಕೇಳಲು ಹೋದಾಗ ಅವಳ ಅಣ್ಣ, ಒಂದು ತಿಂಗಳು ಹೆಂಡ ಮುಟ್ಟದೆ ಇರು, ಇದ್ದೆಯೆಂದು ಯಾರಾದರೂ ದೊಡ್ಡವರು ಬಾಯಿಬಿಟ್ಟು ಹೇಳಲಿ, ಆಗ ಕಳಿಸುತ್ತೇನೆ ಎಂದಿದ್ದನಂತೆ. "ನೀವು ಯೋಳಿದ್ರೆ ಕೇಳ್ತನೆ ಐನೋರೆ" ಎಂದು ಗೌಡ ನನ್ನ ಕಡೆ ನೋಡಿದ.

ಅರ್ಚಕರು ಅವನನ್ನು ಒಳಗೆ ಕರೆದು ನವರಂಗದ ಕಂಬದ ಬಳಿ ಕೂರಿಸಿದರು. ಮೊದಲ ವಾರ ಅವನು ತಂದದ್ದು ಎರಡೇ ಪತ್ರೆ. ಉಳಿದ ಐದು ದಿನಗಳ ಕಥೆಯನ್ನು ಏನೂ ಮುಚ್ಚಿಡದೆ ಹೇಳಿದ. ಹಲಗೂರಿನ ದಾರಿಯಲ್ಲಿ ಈಚಲ ತೋಪಿನ ಪಕ್ಕದ ಅಂಗಡಿಯೇ ಅವನಿಗೆ ಕಂಟಕವೆಂದು ತಿಳಿದುಬಂತು. ಗುಮಾಸ್ತರು ಅವನ ಹಲಗೂರಿನ ಬಾಡಿಗೆಗಳನ್ನು ಬೇರೆ ಗಾಡಿಗೆ ತಿರುಗಿಸಿದರು. ಅರ್ಚಕರು ಮಳವಳ್ಳಿಯಲ್ಲಿ ಏನೋ ಕೆಲಸವಿದೆಯೆಂದು ನೆವ ಹೇಳಿ ಅವನ ಗಾಡಿಯಲ್ಲಿ ಮೂಟೆಗಳ ಮೇಲೆ ಕುಳಿತು ಹೋಗಿಬಂದರು. ಎರಡಿದ್ದದ್ದು ನಾಲ್ಕಾಯಿತು. ಕೆಲವು ವಾರಗಳಲ್ಲಿ ಐದಾಯಿತು. ಐದು ಪತ್ರೆಯನ್ನು ಅಂಗೈಯಲ್ಲಿಟ್ಟು ತೋರಿಸಿದ ಸಂಜೆ ಅವನ ಮುಖ ನೋಡಿ, ನನ್ನ ಜೀವಮಾನದಲ್ಲಿ ನಾನು ಕಲಿಸಿದ ಯಾವ ಶ್ಲೋಕದಿಂದಲೂ ಯಾರಿಗೂ ಅಷ್ಟು ಸಂತೋಷವಾಗಿರಲಾರದೆಂದು ನನಗೆ ಅನ್ನಿಸಿತು.

ಇಂಥ ಕೂಟವನ್ನು ಕೆಡಿಸಿದವನು ನಾನು.

ಆ ಕಾರ್ತಿಕದಲ್ಲಿ ನಾನು ಎರಡು ವಾರ ಒಂದೇ ಸಮನೆ ಏಳು ಪತ್ರೆ ತಂದೆ. ನಾನೇ ಕಿತ್ತ ಪತ್ರೆ, ಸುಳ್ಳಿನದಲ್ಲ. ಆದರೆ ಆ ಎರಡು ವಾರ ನನ್ನ ಹೆಂಡತಿ ತಂಗಿಯ ಬಾಣಂತನಕ್ಕೆಂದು ಹೋಗಿದ್ದಳು. ಬಯ್ಯಲು ಮನೆಯಲ್ಲಿ ಜನವೇ ಇರಲಿಲ್ಲವೆಂಬುದನ್ನು ನಾನು ಯೋಚಿಸಲಿಲ್ಲ. ಏಳು ಪತ್ರೆಗಳನ್ನು ಕೈಯಲ್ಲಿ ಹಿಡಿದ ನನಗೆ, ನನ್ನ ಪೂರ್ಣವಾದ ಅರ್ಪಣೆಯು ಇತರರ ಮುಕ್ಕಾದ ಅರ್ಪಣೆಯೊಡನೆ ಒಂದೇ ಹರಿವಾಣದಲ್ಲಿ ಕಲೆತುಹೋಗುವುದು ಸಹ್ಯವಾಗಲಿಲ್ಲ.

"ಹರಿದ ಪತ್ರೆ, ಹುಳು ತಿಂದ ಪತ್ರೆ ಶಿವನಿಗೆ ಸಲ್ಲುವುದಿಲ್ಲ. ಮುರಿದ ವ್ರತದ ಪತ್ರೆ ಮಾತ್ರ ಹೇಗೆ ಸಲ್ಲೀತು?" ಎಂದು ನಾನು ಕೇಳಿದೆ. "ಏಳು ತಂದವರದು ಲಿಂಗಕ್ಕೆ ಏರಲಿ. ಕಡಮೆಯಾದವರು ಹೊರಗೆ ಬಸವನ ಪಾದಕ್ಕೆ ಇಟ್ಟು, ಮಂಗಳಾರತಿಯಾಗುವ ತನಕ ಅಲ್ಲಿಯೇ ಕೂರಲಿ. ದೇವರಿಗೂ ಮರ್ಯಾದೆ, ನಮಗೂ ಛಲ."

ಅರ್ಚಕರು ಹಿಂದೆಮುಂದೆ ನೋಡಿದರು. ಆದರೆ ನಾನು ಪಂಡಿತ. ಪತ್ರೆಗೆ ಹೇಳಿದ ನಿಯಮವನ್ನು ಮನುಷ್ಯನಿಗೆ ಹಚ್ಚಬಾರದೆಂದು ನನಗೆ ಎದುರು ನಿಂತು ಹೇಳುವವರು ಅಲ್ಲಿ ಇರಲಿಲ್ಲ. ಗೌಡ ತನ್ನ ಕೈಯ ಐದು ಪತ್ರೆಗಳನ್ನು ನೋಡಿಕೊಂಡು, "ಅಂಗಾರೆ ನಮ್ದು ಒಳೀಕೆ ಓಗಾಕಿಲ್ವಾ?" ಎಂದ.

"ಬಸವಣ್ಣನೂ ದೇವರೇ ಅಲ್ಲವೇನಪ್ಪ?" ಎಂದರು ಅರ್ಚಕರು. ಗೌಡ ತಲೆಯಾಡಿಸಿ ಹೊರಗೆ ಹೋದ.

ಮುಂದಿನ ವಾರ ಗುಮಾಸ್ತರು ಆರು ತಂದು ಅವನೊಡನೆ ಬಸವನ ಮುಂದೆ ಕುಳಿತರು. ಹೊಳೆಗೆ ಬಟ್ಟೆ ಒಗೆಯಲು ಬಂದವರು ಅವರನ್ನು ನೋಡಿ, "ಏನ್ ಸ್ವಾಮಿ, ಮೈಲಿಗೆಯೋ?" ಎಂದು ನಗೆಯಾಡಿದರಂತೆ. ಅದರ ಮರುವಾರದಿಂದ ಗುಮಾಸ್ತರದು ಏಳೇ. ಅರ್ಚಕರ ಪಾಡು ಇನ್ನೂ ಕಷ್ಟ. ಅವರು ಹೊರಗೆ ಕುಳಿತರೆ ಪೂಜೆ ಮಾಡುವವರು ಯಾರು? ಆದ್ದರಿಂದ ಅವರದೂ ಏಳು. ಅವರ ಉತ್ತರೀಯದ ಮೇಲೆ ನಶ್ಯದ ಕಂದು ಹುಡಿಯನ್ನು ನಾನು ಕಂಡದ್ದುಂಟು, ಕಂಡು ಸುಮ್ಮನಿದ್ದದ್ದೂ ಉಂಟು. ಏಕೆಂದರೆ ಆ ವೇಳೆಗೆ ನನ್ನ ಹೆಂಡತಿ ಮನೆಗೆ ಬಂದಿದ್ದಳು.

ಒಂದು ಭಾನುವಾರದ ವಿಷಯವನ್ನು ಬರೆಯಲೇಬೇಕು. ಆ ದಿನ ಬೆಳಿಗ್ಗೆ ಒಂದು ಲೋಟ ನೀರಿನ ಕಾರಣಕ್ಕೆ ಅವಳ ಸತ್ತುಹೋದ ತಂದೆಯನ್ನು ನಾನು ಬಯ್ದಿದ್ದೆ. ಸಂಜೆ ಅವಳು ಹಿತ್ತಲಿನ ಬಿಲ್ವದ ಗಿಡದ ಕೆಳಗೆ ನಿಂತು ಕೇಳಿದಳು: "ಏನೂಂದ್ರೆ, ಈ ವಾರವೂ ಏಳು ಕೀಳ್ಲೇ?"

"ಹೂಂ" ಎಂದೆ.

ಅವಳು ಏಳನ್ನೂ ಕಿತ್ತು, ತೊಳೆದು, ಬಾಳೆಯೆಲೆಯಲ್ಲಿ ಸುತ್ತಿಟ್ಟಳು. ಆ ಪತ್ರೆಗಳನ್ನು ನಾನು ಮರುದಿನ ಶಿವನ ತಲೆಯ ಮೇಲೆ ಇಡಿಸಿದೆ.

ಈಗ ಹೊರಗೆ ಕೂರುವವನು ಗೌಡನೊಬ್ಬನೇ ಆದ. ತಪ್ಪಿದ ದಿನದ ಕಥೆ ಕೇಳುವ ಪದ್ಧತಿಯೂ ನಿಂತುಹೋಯಿತು. ಒಳಗಿದ್ದವರು ತಪ್ಪುವವರಲ್ಲ, ಹೊರಗಿದ್ದವನನ್ನು ಎದ್ದುಹೋಗಿ ಕೇಳುವವರಿಲ್ಲ. ಅವನ ಐದು ಮತ್ತೆ ಮೂರಾಯಿತು. ಒಂದು ಸಂಜೆ ಗುಡಿಯಿಂದ ಇಳಿದು ಬರುವಾಗ ಅವನು ನನ್ನನ್ನು ತಡೆದು ಕೇಳಿದ:

"ಐನೋರೆ, ನಿಮ್ಗೆಲ್ಲಾ ಏಳಕ್ಕೆ ಏಳೂ ಎಂಗ್ ಬತ್ತದೆ? ನಂಗ್ಯಾಕ್ ಬರಾಕಿಲ್ಲ? ನನ್ ಮೈಯಾಗೇ ಏನಾರ ಕೆಟ್ಟದ್ದು ಸೇರ್ಕಂಡದಾ?"

ನಿಜವನ್ನು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಬೇರೊಂದಿರಲಿಲ್ಲ. ನಾನು ಚಿತ್ತಸ್ಥೈರ್ಯವನ್ನು ಕುರಿತು ಅವನಿಗೆ ಉಪದೇಶ ಮಾಡಿದೆ. ಅವನು ಕೈಮುಗಿದು ಕೇಳಿದ.

ಮರು ಸೋಮವಾರ ಗೌಡ ಏಳು ಪತ್ರೆ ತಂದ. ಅರ್ಚಕರು ಆನಂದದಿಂದ ಅವನನ್ನು ಒಳಗೆ ಕರೆದರು. ಗುಮಾಸ್ತರು ಬೆನ್ನು ತಟ್ಟಿ, "ಶಹಭಾಷ್ ಗೌಡ!" ಎಂದರು. ಅವನು ಕಂಬದ ಬಳಿ ತನ್ನ ಹಳೆಯ ಜಾಗದಲ್ಲಿ, ನನಗೆ ಒಂದು ಮೊಳದ ದೂರದಲ್ಲಿ, ಕುಳಿತ. ಹುಳಿತ ಹೆಂಡದ ವಾಸನೆ ನನ್ನ ಮೂಗಿಗೆ ಬಡಿಯಿತು. ಅವನು ನನ್ನ ಕಣ್ಣನ್ನು ನೋಡಲಿಲ್ಲ, ನಾನೂ ಅವನ ಕಣ್ಣನ್ನು ನೋಡಲಿಲ್ಲ. ಅವನನ್ನು ಕೇಳಿದರೆ, ಕೇಳುವ ಸರದಿ ನನ್ನ ತನಕ ಬರುವುದೆಂಬ ಭಯ ನನಗಿತ್ತು. ಹೀಗೆಯೇ ನಾಲ್ಕು ಸೋಮವಾರ ನಡೆಯಿತು.

ಐದನೆಯ ವಾರ ಮಳವಳ್ಳಿಯ ಕಡೆಯಿಂದ ಅವನ ಹೆಂಡತಿಯ ಅಣ್ಣ ನನ್ನ ಮನೆಯನ್ನು ಹುಡುಕಿಕೊಂಡು ಬಂದ. ಜಗಲಿಯ ಕೆಳಗೆ ನಿಂತು, "ಐನೋರೆ, ನಮ್ ಬಾವ ಎಂಡ ಬುಟ್ಟವ್ನಂತೆ, ದಿಟವಾ? ನೀವು ಊಂ ಅಂದ್ರೆ ಸಾಕು, ನಾಳೇನೇ ಕಳಿಸ್ಬುಡ್ತೀನಿ" ಎಂದ.

ನಾನು "ಹೌದಪ್ಪ, ಒಂದು ತಿಂಗಳಿಂದ ಏಳೂ ದಿನ ನಡೆಸಿದ್ದಾನೆ" ಎಂದೆ. ಕಾಣದ್ದನ್ನು ಹೇಳಲಿಲ್ಲ, ಕಂಡ ಪತ್ರೆಗಳನ್ನು ಹೇಳಿದೆನೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ತರ್ಕಶಾಸ್ತ್ರ ಓದಿದ್ದು ಅಷ್ಟಕ್ಕೆ ಉಪಯೋಗವಾಯಿತು.

ಗೌಡನ ಹೆಂಡತಿ ಬಂದಳು. ಇಪ್ಪತ್ತು ದಿನ ಇದ್ದಳು. ಇಪ್ಪತ್ತೊಂದನೆಯ ದಿನ ಮಧ್ಯಾಹ್ನ, ಮಕ್ಕಳ ಕೈಹಿಡಿದು ನಮ್ಮ ಮನೆಯ ಮುಂದೆ ನಿಂತಳು. ಎಡ ಮುಂಗೈಗೆ ಅರಿಶಿನ ಹಚ್ಚಿ ಬಟ್ಟೆ ಸುತ್ತಿತ್ತು. ಅವಳನ್ನು ನಾನು ನೋಡಿದ್ದು ಅದೇ ಮೊದಲು.

"ಐನೋರು ನೀವೇ ಅಲ್ವಾ? ನಿಮ್ ಮಾತು ನಂಬ್ಕಂಡು ಬಂದೆ. ಅವ್ರು ಬುಟ್ಟೇ ಇರ್ಲಿಲ್ಲ. ಕೇಳುದ್ರೆ, ಎಲ್ರೂ ಬುಟ್ಟವ್ರೆ, ನನ್ ಕೈಲಿ ಆಗ್ನಿಲ್ಲ, ಐನೋರ ಪಕ್ಕ ಕೂರಾಕೆ ಸುಳ್ಳೇಳ್ದೆ ಅಂತ ಅಳ್ತಾರೆ. ಅತ್ಬುಟ್ಟು ತಿರ್ಗಾ ಕುಡ್ಕಂಡ್ ಬತ್ತಾರೆ. ನಿಮ್ಗೆ ಗೊತ್ತಿತ್ತಾ?"

ನನ್ನ ಹೆಂಡತಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಿದ್ದಳು. ಆ ಪ್ರಶ್ನೆಗೆ ಉತ್ತರ ಅವಳಿಗೂ ಬೇಕಾಗಿದ್ದಂತೆ ನನಗೆ ತೋರಿತು. ಗೌಡನ ಹೆಂಡತಿ ಉತ್ತರಕ್ಕೆ ಕಾಯದೆ ಚಿಕ್ಕ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಮಳವಳ್ಳಿಯ ದಾರಿ ಹಿಡಿದಳು.

ಆ ಸೋಮವಾರ ಗೌಡ ಬರಲಿಲ್ಲ. ನಾನು ಬರಿಗೈಯಲ್ಲಿ ಹೋಗಿ, ಕಾರ್ತಿಕದಿಂದ ಈಚೆಗೆ ನಾನು ತಂದ ಪತ್ರೆಗಳೆಲ್ಲ ಸುಳ್ಳಿನವೆಂದು ಹೇಳಿದೆ. ಗುಮಾಸ್ತರು ತಲೆ ತಗ್ಗಿಸಿಕೊಂಡು, "ಈಗ ಅದನ್ನೆಲ್ಲ ಯಾಕೆ ಎತ್ತುತ್ತೀರಿ ಶಾಸ್ತ್ರಿಗಳೇ?" ಎಂದರು. ಅರ್ಚಕರು ದೀಪದ ಬತ್ತಿಯನ್ನು ಮುಂದಕ್ಕೆ ಸರಿಸಿದರು. ತಮ್ಮ ಪತ್ರೆಯ ಮಾತನ್ನು ಇಬ್ಬರೂ ತೆಗೆಯಲಿಲ್ಲ.

ಮರುದಿನ ಗೌಡನನ್ನು ಹುಡುಕಿಕೊಂಡು ನಿಲ್ದಾಣದ ಮುಂದಿನ ಬಯಲಿಗೆ ಹೋದೆ. ಎತ್ತುಗಳಿಗೆ ಹುಲ್ಲು ಹಾಕುತ್ತಿದ್ದ ಅವನಿಗೆ ಎಲ್ಲವನ್ನೂ ಹೇಳಿದೆ. ಮನೆಯಲ್ಲಿ ಬಯ್ದದ್ದು, ಸುಳ್ಳು ಪತ್ರೆ, ಅವನ ಬಾಯಿಯ ವಾಸನೆ ತಿಳಿದೂ ಸುಮ್ಮನಿದ್ದದ್ದು, ಯಾವುದನ್ನೂ ಬಿಡಲಿಲ್ಲ. ಅವನು ಎತ್ತಿನ ಕೊರಳನ್ನು ಸವರುತ್ತ ಹೇಳಿದ:

"ಬಸವನ ಮುಂದೆ ನಾನೊಬ್ನೇ ಕುಂತಿದ್ನಲ್ಲಾ ಐನೋರೆ, ಅವತ್ತು ಒಂದ್ಸಲ ಬಂದು ಪಕ್ದಾಗೆ ಕುಂತಿದ್ರೆ ಆಗೋಗಿತ್ತು. ಇವನ್ಗೂ ಬರಾಕಿಲ್ಲ, ನಂಗೂ ಬರಾಕಿಲ್ಲ ಅಂತ ನಾನು ಐದ್ರಾಗೇ ಇರ್ತಿದ್ದೆ. ಐದ್ರಿಂದ ಆರ್ಕೆ ಓಯ್ತಿದ್ನೋ ಏನೋ."

"ಮುಂದಿನ ಸೋಮವಾರ ಬಾರಪ್ಪ. ನಾನೂ ಹೊರಗೇ ಕೂರುತ್ತೇನೆ."

"ಬುಡಿ ಬುಡಿ. ನನ್ತಾವ ಯೋಳಿ ಏನ್ ಬಂತು? ಅವಳ ಅಣ್ಣನ ತಾವ ಓಗಿ ಯೋಳಿ" ಎಂದು ಅವನು ನೊಗಕ್ಕೆ ಎತ್ತು ಹೂಡಿದ.

ನಾನು ಮೋಟಾರು ಬಸ್ಸಿನಲ್ಲಿ ಮಳವಳ್ಳಿಗೆ ಹೋಗಿ, ಅಲ್ಲಿಂದ ನಡೆದು ಆ ಹಳ್ಳಿಯನ್ನು ಮುಟ್ಟಿದೆ. ಅವಳ ಅಣ್ಣ ಕಣದಲ್ಲಿ ರಾಗಿ ತೂರುತ್ತಿದ್ದ. ಬಿಸಿಲಿನಲ್ಲಿಯೇ ನಿಂತು, ನನ್ನ ಮಾತು ಸುಳ್ಳಾಗಿತ್ತೆಂದೂ, ಗೌಡ ಕೆಟ್ಟದ್ದರಲ್ಲಿ ಅರ್ಧ ಪಾಪ ನನ್ನದೆಂದೂ, ನಾವು ಅವನನ್ನು ಒಂದು ದಾರಿಗೆ ತರುತ್ತೇವೆ, ಇನ್ನೊಂದು ಅವಕಾಶ ಕೊಡಬೇಕೆಂದೂ ಬೇಡಿಕೊಂಡೆ. ಅವನು ಮೊರವನ್ನು ಕೆಳಗಿಟ್ಟು ಕೊನೆಯ ತನಕ ಕೇಳಿದ.

"ಈ ಕಿತ ನೀವು ಯೋಳ್ತಿರೋದು ದಿಟವೇ ಇರ್ಬೋದು. ಅದು ದಿಟ ಅಂತ ಯೋಳೋರು ಯಾರು ಐನೋರೆ?" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

ಗುಡಿಸಲಿನ ಒಳಗಿನಿಂದ ಅವಳ ಧ್ವನಿ ಕೇಳಿಸಿತು: "ಅಣ್ಣಾ, ಬಿಸಿಲಾಗೆ ಬಂದವ್ರೆ. ನಮ್ಮನೆ ನೀರು ಅವ್ರು ಕುಡ್ಯಾಕಿಲ್ಲ. ಒಂದು ಎಳ್ನೀರು ಕೊಚ್ಚಿ ಕೊಟ್ಟು ಕಳಿಸ್ಬುಡು."

ಅವನು ಕೊಚ್ಚಿ ಕೊಟ್ಟ. ನಾನು ನಿಂತುಕೊಂಡೇ ಕುಡಿದೆ. ಅವಳು ಹೊರಗೆ ಬರಲಿಲ್ಲ, ಮದ್ದೂರಿಗೂ ಮತ್ತೆ ಬರಲಿಲ್ಲ.