ಇತರೆ ವಿಷಯಗಳಲ್ಲಿ ಒಂದು ಮದುವೆ

ಕಾಮ್ರೇಡ್ ಅಮ್ಮಣ್ಣಿಗೆ ಐವತ್ತು ದಾಟಿದ ಮೇಲೆ ಪ್ರೇಮ ಬಂತು. ಬಂದದ್ದಾದರೂ ಯಾರ ಮೇಲೆ? ದೆಹಲಿಯ ದ್ವಾರಕಾದ ಒಬ್ಬ ಹೋಟೆಲ್ ಮಾಲೀಕನ ಮೇಲೆ! ಲೋಕದಲ್ಲಿ ಬೇರೆ ಗಂಡಸರಿಗೆ ಬರಗಾಲವಿತ್ತೇ ಎಂದು ನೀವು ಕೇಳಬಹುದು. ಅವಳೂ ತನ್ನನ್ನು ಹಾಗೇ ಕೇಳಿಕೊಂಡು, ಮೆಟ್ರೋದಲ್ಲಿ ಒಬ್ಬಳೇ ನಗುತ್ತ, ಇಳಿಯಬೇಕಾದ ನಿಲ್ದಾಣ ದಾಟಿ ಹೋಗಿದ್ದಳು.

ಅಮ್ಮಣ್ಣಿ ಬೆಳ್ತಂಗಡಿಯ ಆಚೆ, ಘಟ್ಟದ ಬುಡದ ಮಲೆಕುಡಿಯರ ಮನೆಯವಳು. ಅಪ್ಪ ಜೇನು ಕೀಳುತ್ತಿದ್ದ, ಅಮ್ಮ ಬುಟ್ಟಿ ಹೆಣೆಯುತ್ತಿದ್ದಳು. ಕಾಡು ಬಿಟ್ಟು ನಡೆಯಿರಿ ಎಂದು ಅರಣ್ಯ ಇಲಾಖೆಯ ಜೀಪು ಬಂದ ದಿನ ಈ ಹುಡುಗಿ ಅದರ ಮುಂದೆ ಕುಳಿತುಬಿಟ್ಟಳು. ಯಾರೂ ಹೇಳಿಕೊಟ್ಟಿರಲಿಲ್ಲ, ಸಿಟ್ಟು ಬಂದಿತ್ತು, ಕಾಲೂ ನೋಯುತ್ತಿತ್ತು. ಮರುವಾರ ಕೆಂಬಾವುಟದವರು ಹುಡುಕಿಕೊಂಡು ಬಂದು, “ಧರಣಿ ಚಂದ ಮಾಡ್ತೀರಿ” ಎಂದರು. ತಾನು ಮಾಡಿದ್ದಕ್ಕೆ ಅಂಥದೊಂದು ಹೆಸರಿದೆ ಎಂದು ಅವಳಿಗೆ ಗೊತ್ತಾದದ್ದೇ ಆಗ.

ಅಕ್ಷರ ಕಲಿಸಿದ್ದು ಪಕ್ಷ, ಭಾಷಣ ಕಲಿಸಿದ್ದೂ ಪಕ್ಷ. ಪಂಚಾಯತಿಗೆ ನಿಂತಳು, ಗೆದ್ದಳು. ವಿಧಾನಸಭೆಗೆ ನಿಂತಾಗಲೆಲ್ಲ ಸೋತಳು. ಸೋತ ಸಂಜೆಯೂ ಮತದಾರರಿಗೆ ಧನ್ಯವಾದ ಹೇಳಲು ಜೀಪು ಹತ್ತಿ, ಗೆದ್ದವನಿಗಿಂತ ಜೋರಾಗಿ ಘೋಷಣೆ ಕೂಗಿಸಿದಳು. ಮದುವೆಯ ಮಾತೆತ್ತಿದವರಿಗೆಲ್ಲ, “ನಮ್ಮವರಿಗೆ ಹಕ್ಕುಪತ್ರ ಸಿಗಲಿ, ಆಮೇಲೆ ನೋಡುವ” ಎನ್ನುತ್ತಿದ್ದಳು. ಹಕ್ಕುಪತ್ರ ಸಿಗುವ ಹೊತ್ತಿಗೆ ಆ ವರರೆಲ್ಲ ಅಜ್ಜಂದಿರಾಗಿದ್ದರು. ಆಮೇಲೆ ಪಕ್ಷ ಅವಳನ್ನು ಆದಿವಾಸಿ ಸಂಘಟನೆಯ ಕೆಲಸಕ್ಕೆಂದು ದೆಹಲಿಗೆ ಕರೆಸಿಕೊಂಡಿತು.

ಜಯಾನಂದ ಸಿಕ್ಕಿದ್ದು ಎದುರಾಳಿಯಾಗಿ. ಅವನ ಹೋಟೆಲಿನ ಹುಡುಗರು ವಾರಕ್ಕೊಂದು ರಜೆ ಕೇಳಿ ಮುಷ್ಕರ ಹೂಡಿದಾಗ ಮಾತುಕತೆಗೆ ಹೋದವಳು ಅಮ್ಮಣ್ಣಿ. ಜಗಳ ಹಿಂದಿಯಲ್ಲಿ ಶುರುವಾಗಿ, ಕಾವೇರಿದಂತೆ ತುಳುವಿಗೆ ತಿರುಗಿತು. ಬಿಹಾರದ ಹುಡುಗರು ಪಿಳಿಪಿಳಿ ನೋಡುತ್ತ ನಿಂತರು. ದೆಹಲಿಗೆ ಬಂದ ಮೇಲೆ ಅವಳು ಅಷ್ಟು ಮನಸ್ಸು ತುಂಬಿ ಯಾರೊಂದಿಗೂ ಜಗಳವಾಡಿರಲಿಲ್ಲ. ಹುಡುಗರಿಗೆ ರಜೆ ಸಿಕ್ಕಿತು. ಸೋತ ಜಯಾನಂದ ಮರುವಾರ ಕೆಸುವಿನೆಲೆಯ ಪತ್ರೊಡೆ ಕಟ್ಟಿಕೊಂಡು ಪಕ್ಷದ ಕಚೇರಿಗೆ ಬಂದ. ಅದರ ಮರುವಾರವೂ ಬಂದ.

ಹೀಗೆ ವರ್ಷ ಕಳೆದ ಮೇಲೆ ಆ ಬೋಳುತಲೆಯ ವಿಧುರ ಕೇಳಿಯೇಬಿಟ್ಟ: “ಅಮ್ಮಣ್ಣಿಯವ್ರೇ, ನಾವು ಮದುವೆ ಆದ್ರೆ ಹೇಗೆ?”

ಅವಳ ಎದೆ ಡವಡವ ಹೊಡೆದುಕೊಂಡಿತು. ಬಾಯಿ ಮಾತ್ರ ಅಭ್ಯಾಸಬಲದಿಂದ, “ಪಕ್ಷದ ಶಾಖೆಯಲ್ಲಿ ಕೇಳಿ ಹೇಳ್ತೇನೆ” ಎಂದಿತು.

ಅಲ್ಲೇ ಎಡವಟ್ಟಾಯಿತು. ಶಾಖೆಯ ಸಭೆಗೊಂದು ಕ್ರಮವಿದೆ: ಮೊದಲು ಪ್ರಪಂಚದ ಪರಿಸ್ಥಿತಿ, ನಂತರ ದೇಶದ್ದು, ಆಮೇಲೆ ಸಂಘಟನೆಯದ್ದು, ಕಟ್ಟಕಡೆಗೆ ‘ಇತರೆ ವಿಷಯಗಳು’. ಅಮ್ಮಣ್ಣಿಯ ಮದುವೆ ಸೇರಿದ್ದು ಈ ಇತರೆಗೆ. ಪ್ರಪಂಚದ ಪರಿಸ್ಥಿತಿ ಮಂಡಿಸುವವರು ನಿವೃತ್ತ ಪ್ರೊಫೆಸರ್ ಇಂದುಶೇಖರ. ಪ್ರಪಂಚವೋ, ದಿನದಿಂದ ದಿನಕ್ಕೆ ಹದಗೆಡುತ್ತಿತ್ತು. ಸಭೆಯ ಮೇಲೆ ಸಭೆ ಮುಗಿಯಿತು, ಇತರೆಯ ಸರದಿ ಬರಲೇ ಇಲ್ಲ.

ಜಯಾನಂದನ ತಾಳ್ಮೆಗೂ ಮಿತಿಯಿತ್ತು. “ಈ ಭಾನುವಾರ ಹೌದೋ ಅಲ್ಲವೋ ಹೇಳಿಬಿಡಿ. ಇಲ್ಲದಿದ್ರೆ ತಮ್ಮನಿಗೆ ಹೋಟೆಲು ಬಿಟ್ಟು ಊರಿಗೆ ಹೋಗ್ತೇನೆ. ಈ ಊರಲ್ಲಿ ಒಬ್ಬನೇ ಕೂತು ಎಂಥ ಮಾಡುದು?”

ಭಾನುವಾರ ಅವನು ಕಚೇರಿಯ ಹೊರಗಿನ ಬೆಂಚಿನಲ್ಲಿ ಕುಳಿತ. ಒಳಗೆ ಇಂದುಶೇಖರರು ಕನ್ನಡಕ ಏರಿಸಿ, ಸಮುದ್ರದಾಚೆಯ ಯಾವುದೋ ಚುನಾವಣೆಯಿಂದ ಶುರು ಮಾಡಿದರು. ಅಮ್ಮಣ್ಣಿ ಎದ್ದು ನಿಂತಳು.

“ಪ್ರೊಫೆಸರ್ ಸಾಹೇಬ್ರೇ, ಇವತ್ತೊಂದು ದಿನ ಪ್ರಪಂಚ ಕೊನೆಗೆ ಇರಲಿ. ನನಗೆ ಮದುವೆ ಆಗ್ಬೇಕು.”

ಯಾರೋ ಚಹಾ ನೆತ್ತಿಗೇರಿಸಿಕೊಂಡು ಕೆಮ್ಮಿದರು. ವಕೀಲಿಕೆ ಓದುವ ನಿಹಾರಿಕಾ, “ಅರೇ ವಾಹ್, ದೀದಿ!” ಎಂದು ಚಪ್ಪಾಳೆ ತಟ್ಟಿ, ಕಾರ್ಯದರ್ಶಿ ಹೃಷಿಕೇಶ್ ನೋಡಿದ ನೋಟಕ್ಕೆ ಕೈ ಕೆಳಗಿಳಿಸಿದಳು.

“ವರ ಯಾರು?” ಹೃಷಿಕೇಶ್ ಕೇಳಿದರು.

“ಜಯಾನಂದ. ಹೋಟೆಲಿನವರು.”

“ಮಾಲೀಕನಾ! ನಾಳೆ ಅಲ್ಲಿ ಮತ್ತೆ ಮುಷ್ಕರ ಆದರೆ ನೀವು ಎಲ್ಲಿರ್ತೀರಿ, ಕಾಮ್ರೇಡ್?”

“ಬಾಗಿಲ ಹೊರಗೆ, ಬಾವುಟ ಹಿಡಿದು. ಸಂಜೆ ಮನೆಗೆ ಹೋಗಿ ಉಳಿದ ಜಗಳ ಮುಗಿಸ್ತೇನೆ.”

ನಗು ಉಕ್ಕಿತು. ಹೃಷಿಕೇಶ್ ಮಾತ್ರ ನಗಲಿಲ್ಲ. “ಗಂಭೀರ ವಿಷಯ. ಮೇಲಿನ ಸಮಿತಿಗೆ ಕಳಿಸೋಣ. ಮುಂದಿನ ಸಭೆಯಲ್ಲಿ ನೋಡೋಣ.”

ಮುಂದಿನ ಸಭೆಯ ಹೊತ್ತಿಗೆ ಆ ಬೆಂಚು ಖಾಲಿಯಾಗಿರುತ್ತದೆ. ಪಕ್ಷದ ಮಾತನ್ನು ಅಮ್ಮಣ್ಣಿ ಒಮ್ಮೆಯೂ ಮೀರಿದವಳಲ್ಲ. ಮೀರುವುದು ಹೇಗೆಂದೂ ಅವಳಿಗೆ ಗೊತ್ತಿರಲಿಲ್ಲ.

“ಹೃಷಿಕೇಶ್‌ಜೀ,” ಎಂದಳು ಮೆಲ್ಲಗೆ, “ಚುನಾವಣೆಗೆ ನಿಂತದ್ದು, ಜೈಲಿಗೆ ಹೋದದ್ದು, ಊರು ಬಿಟ್ಟು ಬಂದದ್ದು, ಎಲ್ಲಾ ಪಕ್ಷವನ್ನು ಕೇಳಿಯೇ ಮಾಡಿದೆ. ಇದನ್ನೂ ಕೇಳ್ಬೇಕು ಅಂತಲೇ ಇಷ್ಟು ದಿನ ಕಾದೆ. ಇನ್ನು ಕೇಳುದಿಲ್ಲ, ಹೇಳ್ತಾ ಇದ್ದೇನೆ. ಪಕ್ಷದಿಂದ ತೆಗೆದುಹಾಕುದಾದ್ರೆ ಹಾಕಿ. ಮರುದಿನ ಮೆರವಣಿಗೆಯ ಕೊನೇ ಸಾಲಲ್ಲಿ ನಾನು ಇರ್ತೇನೆ.”

ಉತ್ತರಕ್ಕೆ ಕಾಯದೆ ಅವಳು ಚಪ್ಪಲಿ ಮೆಟ್ಟಿ ಹೊರಗೆ ಬಂದಳು.

ಜಯಾನಂದ ಕತ್ತು ವಾಲಿಸಿ ತೂಕಡಿಸುತ್ತಿದ್ದ. ಅವಳು ಅವನ ಭುಜ ಅಲ್ಲಾಡಿಸಿದಳು.

“ಏಳಿ ಮಾರಾಯ್ರೇ. ಮದುವೆ ಆಗುವ.”

ಅವನು ಗಡಬಡಿಸಿ ಎದ್ದು, “ಹೌದಾ! ಪಕ್ಷ ಒಪ್ಪಿತಾ?” ಎಂದ.

“ಅದು ಇನ್ನೂ ಚರ್ಚೆ ಮಾಡ್ತಾ ಉಂಟು,” ಎಂದಳು ಅಮ್ಮಣ್ಣಿ. “ನಾನು ಒಪ್ಪಿದೆ.”