ಎರಡನೆಯ ಹಾಜರ್

ಸಿದ್ದಾಪುರದ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ಶಿಶಿರ್ ರೈಟರ್, ಎಂದರೆ ಲೆಕ್ಕ ಬರೆಯುವ ಗುಮಾಸ್ತ. ಬೆಳಿಗ್ಗೆ ಎಲ್ಲರ ಹಾಜರಿ ಕೂಗುವವನು ಅವನೇ, ಎಲ್ಲರಿಗಿಂತ ತಡವಾಗಿ ಬರುವವನೂ ಅವನೇ. ಅಲ್ಲಿನ ವಾಚ್‌ಮನ್ ಜವರಪ್ಪ ಶನಿವಾರಸಂತೆ ಕಡೆಯವನು, ಸೈನ್ಯದಿಂದ ನಿವೃತ್ತನಾಗಿ ಬಂದವನು. ತನ್ನ ಹೆಸರು ಕೂಗಿದಾಗ ಎರಡು ಸಲ "ಹಾಜರ್" ಎನ್ನುತ್ತಿದ್ದ.

"ಎರಡು ಸಂಬಳ ಬೇಕಾ ಜವರಪ್ಪಣ್ಣ?" ಎಂದು ಶಿಶಿರ್ ಒಮ್ಮೆ ಹಲ್ಲು ಕಿರಿದ.

"ಎರಡನೇದು ಕೊಕ್ಕರೇದು, ರೈಟ್ರೇ. ಉದ್ದ ಕಾಲಿನೋನು, ಅದಕ್ಕೇ ಆ ಹೆಸರು. ಗಡೀಲಿ ನನ್ನ ಪಕ್ಕದಲ್ಲೇ ಗುಂಡು ತಾಗಿ ಹೋದ. 'ಒಬ್ಬನೂ ಕಡಿಮೆಯಿಲ್ಲ' ಅನ್ನೋದು ನಮ್ಮ ಕಂಪನಿ ಮಾತು. ಸತ್ತೋನಿಗೆ ಪಕ್ಕದೋನು ಹಾಜರ್ ಅನ್ಬೇಕು. ಇಲ್ದಿದ್ರೆ ಬಂದು ನಿಂತ್ಕೊಂಡು ಕಾಯ್ತಾನೆ." ಜವರಪ್ಪ ಗಂಟಲು ಸವರಿಕೊಂಡ. "ನಾಳೆ ಇದರ ಆಪರೇಷನ್ನು. ನಾನು ಬರೋತನಕ ಅವನಿಗೆ ನೀವು ಹಾಜರ್ ಅಂತೀರಾ?"

ಶಿಶಿರ್ ನಗುತ್ತಲೇ ಒಪ್ಪಿದ, ನಗುತ್ತಲೇ ಮರೆತ.

ಜವರಪ್ಪ ಆಸ್ಪತ್ರೆಯಿಂದ ಬರಲಿಲ್ಲ. ಸಾವಿನ ಸುದ್ದಿ ಬಂದ ಮರುದಿನ ಶಿಶಿರ್ ಹಾಜರಿ ಕೂಗುತ್ತ, ರೂಢಿಬಲದಿಂದ "ಜವರಪ್ಪ" ಎಂದುಬಿಟ್ಟ. ಕೆಲಸದವರೆಲ್ಲ ತಲೆ ತಗ್ಗಿಸಿದರು. ಶಿಶಿರನ ಎಡಗಡೆ ಯಾರೋ ಬಂದು ನಿಂತಂತೆ ತಣ್ಣಗಾಯಿತು. ತಿರುಗಿ ನೋಡುವಷ್ಟು ಧೈರ್ಯ ಅವನ ಸಂಬಳದಲ್ಲಿ ಸೇರಿರಲಿಲ್ಲ.

"ಹಾಜರ್" ಎಂದ. ತಣ್ಣಗಿದ್ದದ್ದು ಕದಲಲಿಲ್ಲ. ಕೊಕ್ಕರೆಯ ವಿಷಯದಲ್ಲಿ ಕೊಟ್ಟ ಮಾತು ಆಗ ನೆನಪಾಯಿತು.

"ಹಾಜರ್" ಎಂದ ಮತ್ತೊಮ್ಮೆ.

ಪಕ್ಕದಲ್ಲಿದ್ದದ್ದು ಮೆಲ್ಲಗೆ ಸರಿಯಿತು. ನಾಳೆಯಿಂದ ದಿನವೂ ಹೊತ್ತಿಗೆ ಸರಿಯಾಗಿ ಬರಬೇಕೆಂಬುದು ಶಿಶಿರನಿಗೆ ಹೊಳೆದದ್ದು ಆಮೇಲೆ.