ಕೆರೆ ದಂಡೆಗೆ ಹೊತ್ತ ನೀರು

ಬಸ್ಸು ಹತ್ತುವ ಮುಂಚೆ ಎಲ್ಲ ಟೈರುಗಳನ್ನೂ ಬಗ್ಗಿ ನೋಡುವ ಜಾಯಮಾನ ನನ್ನದು. ಇಂಥವನು ಹೆಂಡತಿ ಮಗಳನ್ನು ಕರೆದುಕೊಂಡು ಹವಾ ಬದಲಾವಣೆಗೆ ಹೊರಟಿದ್ದೇ ಒಂದು ತಪ್ಪು. ಅರವತ್ತರ ದಶಕ ಆಗಷ್ಟೇ ಕಾಲಿಟ್ಟಿತ್ತು. ನನಗೆ ನಲವತ್ತು ದಾಟಿತ್ತು. ನನ್ನಾಕೆ ವಿಷಮಶೀತ ಜ್ವರದಿಂದ ಎದ್ದು ಒಂದು ತಿಂಗಳಾಗಿತ್ತು. ನೀರಿನ ಹತ್ತಿರ ಎಲ್ಲಾದರೂ ನಾಲ್ಕು ದಿನ ಇದ್ದು ಬನ್ನಿ ಎಂದು ಮಧುಗಿರಿಯ ಡಾಕ್ಟರು ಹೇಳಿದರು. ಕಚೇರಿಯ ಗೆಳೆಯನೊಬ್ಬ ಸಿರಾ ಕಡೆಯ ಒಂದು ಕೆರೆಯ ಏರಿಯ ಮೇಲಿದ್ದ ಹಳೆಯ ಇಂಜಿನಿಯರ್ ಬಂಗಲೆಗೆ ಚೀಟಿ ಮಾಡಿಸಿಕೊಟ್ಟ. "ಸಮುದ್ರ ಇದ್ದಂಗೈತೆ ಕಣ್ರೀ, ಅಲೆ ಒಂದಿಲ್ಲ ಅಷ್ಟೆ" ಅಂದ.

ನನ್ನಾಕೆಯದು ಒಂದೇ ಶರತ್ತು. "ಮದ್ವೆ ಆಗಿ ಹದಿನಾರು ವರ್ಷ ಆಯ್ತು. ಮೂರು ದಿನ, ಮೂರೇ ದಿನ, ನಾನು ಒಲೆ ಮುಂದೆ ಕೂರಾಕಿಲ್ಲ. ಯಾರಾದ್ರೂ ಮಾಡಿ ಹಾಕ್ಲಿ, ತಿಂತೀನಿ."

"ಅದಕ್ಕೇನಂತೆ" ಅಂದೆ. ಅಂದವನು ಮಾಡಿದ್ದೇನು? ಸೀಮೆಎಣ್ಣೆ ಸ್ಟವ್ ಒಂದನ್ನು ಗೋಣಿಯಲ್ಲಿ ಸುತ್ತಿಟ್ಟೆ. ಅಕ್ಕಿ, ರವೆ, ಬೇಳೆ, ಒಗ್ಗರಣೆ ಡಬ್ಬಿ. ಎಲ್ಲಕ್ಕಿಂತ ಮುಖ್ಯವಾಗಿ ನೀರು. ಬೆಳಗಿನ ಪೂಜೆಗೂ ಕುಡಿಯಲಿಕ್ಕೂ ಮನೆ ಬಾವಿಯ ನೀರೇ ಆಗಬೇಕು, ಪರಸ್ಥಳಕ್ಕೆ ಹೋದರೆ ಹೊತ್ತುಕೊಂಡು ಹೋಗಬೇಕು ಎನ್ನುವುದು ನಮ್ಮ ಮನೆಯ ಕಟ್ಟಳೆ. ಊರಲ್ಲೇ ಉಳಿದ ನನ್ನ ತಾಯಿ ಅದನ್ನೇ ಹತ್ತು ಸಲ ಹೇಳಿದ್ದರು: "ಎಲ್ಲೆಂದ್ರಲ್ಲಿ ನೀರ್ ಕುಡುದ್ಬುಟ್ಟು ಬಂದೀಯ ಕಣ್ಲಾ!" ಕೊನೆ ಗಳಿಗೆಯಲ್ಲಿ ಬಾವಿಯ ಹಗ್ಗ ಹರಿದರೆ ಏನು ಗತಿ ಎಂಬ ಯೋಚನೆಯಲ್ಲಿ ಹೊರಡುವುದಕ್ಕೆ ಐದು ದಿನ ಮೊದಲೇ ದೊಡ್ಡ ಹಿತ್ತಾಳೆ ಕೊಡ ತುಂಬಿಸಿ ಹಿತ್ತಲಲ್ಲಿ ಇಟ್ಟೆ. ಹೊರಡುವ ದಿನ ಬಾಯಿಗೆ ಬಾಳೆಲೆ ತುರುಕಿ, ಮೇಲೆ ಒದ್ದೆ ಬಟ್ಟೆ ಬಿಗಿದು ಕಟ್ಟಿದೆ.

ಗೋಣಿಯೊಳಗಿನ ಸ್ಟವ್ವನ್ನು ಕಾಲಲ್ಲಿ ತಟ್ಟಿ ನೋಡಿ ನನ್ನಾಕೆ ಕೇಳಿದಳು, "ಇದ್ಯಾಕೆ?"

"ಸುಮ್ನೆ. ಇರ್ಲಿ ಅಂತ."

ಅವಳು ಗೋಣಿಯನ್ನು ಇನ್ನೊಂದು ಸಲ ಕಾಲಲ್ಲಿ ತಟ್ಟಿ ಒಳಗೆ ಹೋದಳು. ನಾನು ಆಗಲೇ ಹೆದರಬೇಕಿತ್ತು.

ಸಮುದ್ರ ಅಂದಿದ್ದನಲ್ಲ ಗೆಳೆಯ, ಅವನ ನಾಲಿಗೆಗೆ ಏನು ಹೇಳಲಿ? ಬೇಸಿಗೆಯ ಕೆರೆ ಹಿಂದಕ್ಕೆ ಸರಿದು ಬಂಗಲೆಯ ಮೆಟ್ಟಿಲಿಂದ ನೀರಿಗೆ ಒಂದು ಫರ್ಲಾಂಗು ಕೆಸರೇ ಇತ್ತು. ಕೆಸರಿನ ಮೇಲೆ ಹಸಿರು ಕೆನೆ, ಕೆನೆಯ ತುಂಬ ಹೊಟ್ಟೆ ಉಬ್ಬಿದ ಸತ್ತ ಮೀನು, ಅವುಗಳ ನಡುವೆ ಎಮ್ಮೆಗಳು ಪರಮಸುಖದಲ್ಲಿ ಮಲಗಿದ್ದವು. ಏರಿಯ ಮೇಲಿನ ಈಚಲ ಮರಗಳಿಂದ ಬಾವಲಿ ಹಿಕ್ಕೆಯ ಹುಳಿ ವಾಸನೆ. ಒಳಗೆ ಹಾಸಿಗೆಯಲ್ಲಿ ನನಗಿಂತ ಮೊದಲು ಮಲಗಿ ಹೋದವರೆಲ್ಲರ ಬೆವರು ಇನ್ನೂ ಇತ್ತು. ದಿಂಬನ್ನು ಕೈಯಲ್ಲಿ ಮುಟ್ಟದೆ ಕೊಡೆಯ ತುದಿಯಿಂದ ಮೂಲೆಗೆ ತಳ್ಳಿದೆ.

ಬಂಗಲೆ ನೋಡಿಕೊಳ್ಳುತ್ತಿದ್ದವನು ಸಿರಾದ ಒಬ್ಬ ಮುದುಕ, ಬಿಳಿ ಗಡ್ಡದ ಸಾಬರು. ಮೂವತ್ತು ವರ್ಷದಿಂದ ಬಂದವರಿಗೆಲ್ಲ ಅಡಿಗೆ ಮಾಡಿ ಹಾಕಿದವನು. ಬಂದವನೇ ನನ್ನಾಕೆಯ ಮುಖ ನೋಡಿ, "ಅಮ್ಮಾರು ಕಾಯಿಲೆ ಬಿದ್ದೆದ್ದವ್ರೆ. ಫಿಕರ್ ಮಾಡ್ಬ್ಯಾಡ್ರಿ. ಪಥ್ಯದ್ದು ಬ್ಯಾರೆ ಪಾತ್ರೇಲಿ ಮಾಡ್ತೀನಿ. ಆ ಪಾತ್ರೇಲಿ ಮಾಂಸ ಬೆಂದೇ ಇಲ್ಲ, ಕಸಮ್" ಅಂದ.

ನನ್ನಾಕೆಯ ಮುಖ ಅರಳಿತು. ನಾನು ಅಡಿಗೆಮನೆಗೆ ನುಗ್ಗಿ, ಯಾರೂ ನೋಡುತ್ತಿಲ್ಲ ಅಂದುಕೊಂಡು, ಆ ಪಾತ್ರೆಗಳಿಗೆ ಮೂಗು ಹಚ್ಚಿದೆ. ತಿರುಗಿ ನೋಡಿದರೆ ಮುದುಕ ಬಾಗಿಲಲ್ಲೇ ನಿಂತಿದ್ದ.

"ಏನಾದ್ರೂ ವಾಸ್ನೆ ಬಂತಾ ಸಾಬ್?"

ಬಂದಿರಲಿಲ್ಲ. ಬೂದಿಯಲ್ಲಿ ತಿಕ್ಕಿ ಹೊಳೆಯುತ್ತಿದ್ದವು. ಆದರೂ "ನಮ್ದೇ ಸಾಮಾನು ತಂದಿದೀವಿ, ನಿಮಗ್ಯಾಕೆ ತೊಂದ್ರೆ" ಎಂದು ಹಲ್ಲು ಕಿರಿದೆ. ನಾನೇ ಉಪ್ಪಿಟ್ಟು ಮಾಡುತ್ತೇನೆಂದು ಸ್ಟವ್ ಹಚ್ಚಿದೆ. ರವೆಗಿಂತ ಹೆಚ್ಚು ಹೊಗೆಯಾಯಿತು. ಮಗಳು ಒಂದು ತುತ್ತು ಬಾಯಿಗಿಟ್ಟು ಸೀಮೆಎಣ್ಣೆ ಅಂತ ಉಗಿದಳು. ನನ್ನಾಕೆ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನನ್ನು ಪಕ್ಕಕ್ಕೆ ಸರಿಸಿ, ಸ್ಟವ್ವಿನ ಮುಂದೆ ಕೂತಳು.

"ಸಮುದ್ರ ನೋಡಿದಂಗಾಯ್ತು ಬುಡ್ರಿ" ಅಂದಳು.

ಅವತ್ತು ರಾತ್ರಿಯ ಅಡಿಗೆ ಅವಳದೇ. ಮಾರನೆಯ ಬೆಳಗಿನದೂ ಅವಳದೇ. ಜ್ವರದಲ್ಲಿ ಉದುರಿ ಉಳಿದ ನಾಲ್ಕು ಕೂದಲು ಹಣೆಗೆ ಅಂಟಿದ್ದವು. ಮುದುಕ ಹೊರಗಿನ ಜಗಲಿಯಲ್ಲಿ ಕೆಲಸವಿಲ್ಲದೆ ಕೂತು ನಮ್ಮ ಹೊಗೆಯನ್ನು ನೋಡುತ್ತಿದ್ದ.

ಎರಡನೆಯ ದಿನ ಮಧ್ಯಾಹ್ನ ಮಗಳು ಲೋಟ ಕೆಳಗಿಟ್ಟಳು. "ಅಪ್ಪಾಜಿ, ನೀರು ನಾತ ಹೊಡೀತೈತೆ."

"ಹಿತ್ತಾಳೆ ವಾಸ್ನೆ ಕಣಮ್ಮ. ಒಳ್ಳೇದು."

"ನಿನ್ನೆಯಿಂದ್ಲೂ ಹೊಡೀತೈತೆ. ನಾನು ಕುಡಿದೇ ಇಲ್ಲ. ಕಿಟಕೀಲಿ ಚೆಲ್ತಿದ್ದೆ."

ನನ್ನ ಬಾವಿಯ ಮೇಲೆ ಆರೋಪ! ಕೊಡ ಬಗ್ಗಿಸಿ ಪಂಚೆಯ ತುದಿಯಲ್ಲಿ ನೀರು ಸೋಸಿದೆ. ಲೋಳೆಗಟ್ಟಿದ ಬಾಳೆಲೆಯ ಚೂರು, ಅದರ ಹಿಂದೆಯೇ ಕೂದಲಿನಂಥ ಹುಳುಗಳು ಪಂಚೆಯ ಮೇಲೆ ಬಿದ್ದು ಬಳುಕತೊಡಗಿದವು. ಹಿತ್ತಲಲ್ಲಿ ಐದು ದಿನ ತೆರೆದಿಟ್ಟಾಗ ನಮ್ಮೂರ ಸೊಳ್ಳೆಗಳು ಸಂಸಾರ ಹೂಡಿದ್ದವು. ಅವುಗಳನ್ನು ಜೋಪಾನವಾಗಿ ಮೂತಿ ಕಟ್ಟಿ ಹವಾ ಬದಲಾವಣೆಗೆ ಕರೆತಂದಿದ್ದೆ.

ಬುದ್ಧಿಯಿದ್ದವನು ಅಲ್ಲಿಗೇ ನಿಲ್ಲಿಸುತ್ತಿದ್ದ. ನಾನು "ಸೋಸಿದ ಮೇಲೆ ಏನೂ ಆಗಲ್ಲ, ನೋಡಿ" ಎಂದು ಇಬ್ಬರ ಮುಂದೆಯೂ ಒಂದು ಲೋಟ ಗಟಗಟ ಕುಡಿದೆ. ಗಂಟಲಲ್ಲಿ ಏನೋ ನುಣ್ಣಗೆ ಜಾರಿತು. ಇಷ್ಟು ವರ್ಷ ಕಳೆದರೂ ಆ ಜಾರಿದ್ದನ್ನು ನೆನೆದರೆ ನಾಲಿಗೆ ಒಳಕ್ಕೆ ಮಡಚಿಕೊಳ್ಳುತ್ತದೆ. ಜಗಲಿ ದಾಟಿ, ಮೆಟ್ಟಿಲಿಳಿದು, ಸತ್ತ ಮೀನುಗಳ ಪಕ್ಕದಲ್ಲೇ ಕೂತು ಕಕ್ಕಿದೆ. ಒಂದು ಎಮ್ಮೆ ನನ್ನನ್ನು ನೋಡಿ ಮುಖ ತಿರುಗಿಸಿತು.

ಬೆನ್ನು ತಟ್ಟಿದ್ದು ಮುದುಕ. "ಮೂವತ್ತು ಸಾಲ್ ಆಯ್ತು ಸಾಬ್ ಇಲ್ಲಿ ಬಂದು. ಕೆರೆ ದಂಡೇಗೆ ನೀರ್ ಹೊತ್ಕೊಂಡ್ ಬಂದವರನ್ನ ಇವತ್ತೇ ನೋಡಿದ್ದು." ಅವನ ಕೈಯಲ್ಲಿ ಕುದಿಸಿ ಆರಿಸಿದ ನೀರಿತ್ತು. ಕುಡಿದೆ. ಮೂಸಿ ನೋಡುವಷ್ಟು ಮೂಗು ನನಗೆ ಉಳಿದಿರಲಿಲ್ಲ.

ಮೇಲೆ ಬರುವಷ್ಟರಲ್ಲಿ ನನ್ನಾಕೆ ಕೊಡದ ನೀರನ್ನು ಈಚಲ ಮರದ ಬುಡಕ್ಕೆ ಸುರಿದು, ಕೊಡ ಬೋರಲು ಹಾಕಿ, ಸ್ಟವ್ವನ್ನು ಗೋಣಿಯೊಳಕ್ಕೆ ತುರುಕಿ ಬಾಯಿ ಕಟ್ಟಿದ್ದಳು. ಆಮೇಲೆ ಮುದುಕನನ್ನು ಕರೆದು, ನನ್ನ ಕಡೆ ನೋಡದೆ, "ರಾತ್ರಿಗೆ ಏನ್ ಮಾಡ್ತೀರಿ?" ಎಂದು ಕೇಳಿದಳು.

"ಬೇಳೆ ಸಾರು, ಅನ್ನ. ಹಪ್ಪಳ ಸುಡ್ಲಾ ಅಮ್ಮಾ?"

"ಸುಡಿ. ಎರಡು ಜಾಸ್ತೀನೇ ಸುಡಿ."

ಅವಳು ಎರಡು ಸಲ ಬಡಿಸಿಕೊಂಡು ಉಂಡಳು. ನನಗೆ ಗಂಜಿ, ಅದೂ ಅವನ ಕೈಯದೇ. ನನ್ನ ತಾಯಿಯ ಮುಖ ಲೋಟದ ತಳದಲ್ಲಿ ಕಂಡು ಹೋಯಿತು. ಆದರೂ ಹೊಟ್ಟೆ ಗಂಜಿಯನ್ನು ಒಪ್ಪಿಕೊಂಡಿತು.

ನಾಲ್ಕನೆಯ ಬೆಳಿಗ್ಗೆ ನಾನು ಟ್ರಂಕು ಕಟ್ಟಿ ಬಸ್ಸಿಗೆ ಅವಸರಪಡಿಸುತ್ತಿದ್ದೆ. ನನ್ನಾಕೆ ಮೆಟ್ಟಿಲ ಮೇಲೆ ಕಾಲು ಚಾಚಿ, ಮುದುಕ ಕೊಟ್ಟ ಚಹಾ ಹಿಡಿದು, ಆ ಹಸಿರು ಕೆಸರನ್ನೇ ಕಣ್ತುಂಬ ನೋಡುತ್ತ ಕೂತಿದ್ದಳು. ಗಾಳಿ ನೇರ ಸತ್ತ ಮೀನಿನ ಕಡೆಯಿಂದ ಬೀಸುತ್ತಿತ್ತು.

"ಏಳೇ, ಬಸ್ಸು ತಪ್ಪುತ್ತೆ."

"ಮೂರು ದಿನಕ್ಕೆ ಒಪ್ಪಿದ್ರಿ. ಒಂದೂವರೆ ನಿಮ್ ಸ್ಟವ್ ತಿಂದೈತೆ. ನಂದಿನ್ನೂ ಒಂದೂವರೆ ಬಾಕಿ."

ಕಚೇರಿಗೆ ರಜೆಯ ಕಾಗದ ಬರೆದು ಆ ಬಸ್ಸಿನವನ ಕೈಗೇ ಕೊಟ್ಟು ಕಳಿಸಿದೆ. ಕಾಗದ ತಲುಪುತ್ತದೋ ಇಲ್ಲವೋ ಎಂದು ಯೋಚಿಸುತ್ತ, ಮೂಗಿಗೆ ಪಂಚೆಯ ಅಂಚು ಒತ್ತಿಕೊಂಡು, ಆ ಗಬ್ಬುನಾತದಲ್ಲಿ ಇನ್ನೂ ಒಂದೂವರೆ ದಿನ ಕೂತಿದ್ದೆ.